ನೀರಿನಲ್ಲಿರುವ ಭಾರಲೋಹಗಳ ನಿವಾರಣೆಗೆ ಮಾರ್ಪಡಿಸಿದ ನೈಸರ್ಗಿಕ ಪಾಲಿಮರ್‌ಗಳು

ನಗರದ ಕೊಳಚೆ ಹಾಗೂ ಕೈಗಾರಿಕಾ ತ್ಯಾಜ್ಯ ಬೆರೆತ ನೀರಿನಲ್ಲಿ ಸೀಸ, ಕ್ಯಾಡ್ಮಿಯಂ, ನಿಕ್ಕಲ್, ಕ್ರೋಮಿಯಂ ಮುಂತಾದ ಭಾರಲೋಹಗಳಿರಬಹುದು. ಬೆಂಗಳೂರಿನ ವೃಷಭಾವತಿಯ ನೀರು ಸೇರುವ ಬೈರಮಂಗಲ ಕೆರೆಯ ಅಚ್ಚುಕಟ್ಟಿನ ರೈತರಿಗೆ ಈ ಆತಂಕ ಹೊಸದಲ್ಲ. ಇಂತಹ ನೀರಿನ ಸಾರಜನಕ ಹಾಗೂ ರಂಜಕದಿಂದ ಬೆಳೆ ಹಸಿರಾಗಿ ಕಾಣುತ್ತದೆ. ಆದರೆ ಲೋಹಗಳು ಕೊಳೆತು ನಾಶವಾಗುವುದಿಲ್ಲ. ಅವು ಮಣ್ಣಿನಲ್ಲಿ ಸಂಚಯವಾಗಿ ಸೊಪ್ಪು, ತರಕಾರಿ ಮತ್ತು ಮೇವಿನ ಮೂಲಕ ಆಹಾರ ಸರಪಳಿಯನ್ನು ಸೇರುತ್ತವೆ. ಕುದಿಸುವುದರಿಂದಾಗಲಿ ಬಟ್ಟೆಯಲ್ಲಿ ಸೋಸುವುದರಿಂದಾಗಲಿ ಕರಗಿದ ಲೋಹ ಹೋಗುವುದಿಲ್ಲ.

ಸುರಕ್ಷಿತ ಮಿತಿ
ದೀರ್ಘಕಾಲದ ನೀರಾವರಿಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಸೂಚಿಸಿರುವ ಗರಿಷ್ಠ ಪ್ರಮಾಣವು ಪ್ರತಿ ಲೀಟರಿಗೆ ಕ್ಯಾಡ್ಮಿಯಂ 0.01, ಕ್ರೋಮಿಯಂ 0.1 ಮತ್ತು ನಿಕ್ಕಲ್ 0.2 ಮಿ.ಗ್ರಾಂ.

ಪ್ರಮುಖ ಪದಾರ್ಥಗಳು
• ಕೈಟೋಸಾನ್: ಸೀಗಡಿ, ಏಡಿಗಳ ಚಿಪ್ಪಿನಲ್ಲಿರುವ ಕೈಟಿನ್ ಅನ್ನು ಪ್ರಬಲ ಕ್ಷಾರದಿಂದ ಸಂಸ್ಕರಿಸಿ ಪಡೆಯಲಾಗುತ್ತದೆ. ಇದರ ಅಮೈನೋ ಗುಂಪುಗಳು ಲೋಹದ ಅಯಾನುಗಳನ್ನು ಹಿಡಿದಿಡುತ್ತವೆ. ಆಮ್ಲದಲ್ಲಿ ಕರಗುವುದರಿಂದ ಇದರ ಸರಪಳಿಗಳನ್ನು ಅಡ್ಡಬಂಧಗಳಿಂದ ಬಿಗಿಗೊಳಿಸುತ್ತಾರೆ.
• ಸೆಲ್ಯುಲೋಸ್: ಕಬ್ಬಿನ ಸಿಪ್ಪೆ, ಭತ್ತದ ಹುಲ್ಲಿನಲ್ಲಿ ಹೇರಳವಾಗಿದೆ. ಸಿಟ್ರಿಕ್ ಆಮ್ಲದಲ್ಲಿ ನೆನೆಸಿ, ಒಣಗಿಸಿ, ಬಿಸಿ ಮಾಡಿದಾಗ ಕಾರ್ಬಾಕ್ಸಿಲ್ ಗುಂಪುಗಳು ಸೇರಿ ಲೋಹಗ್ರಹಣ ಶಕ್ತಿ ಹೆಚ್ಚುತ್ತದೆ.
• ಆಲ್ಜಿನೇಟ್: ಕಂದು ಕಡಲಪಾಚಿಯಿಂದ ದೊರೆಯುತ್ತದೆ. ಕ್ಯಾಲ್ಸಿಯಂ ದ್ರಾವಣದಲ್ಲಿ ಮಣಿಗಳಾಗಿ ಗಟ್ಟಿಯಾಗುತ್ತದೆ.

ಪರಿಣಾಮ ಬೀರುವ ಅಂಶಗಳು
ನೀರು ಹೆಚ್ಚು ಆಮ್ಲೀಯವಾಗಿದ್ದರೆ ಹೈಡ್ರೋಜನ್ ಅಯಾನುಗಳು ಸ್ಥಾನ ಆಕ್ರಮಿಸಿ, ಸೀಸ ಮತ್ತು ಕ್ಯಾಡ್ಮಿಯಂ ಹಿಡಿಯುವಿಕೆ ತಗ್ಗುತ್ತದೆ. ಆದರೆ ಆರು ವೇಲೆನ್ಸಿಯ ಕ್ರೋಮಿಯಂ ಋಣ ಅಯಾನು ರೂಪದಲ್ಲಿರುವುದರಿಂದ ಕೈಟೋಸಾನ್ ಅದನ್ನು ಆಮ್ಲೀಯ ನೀರಿನಲ್ಲಿಯೇ ಚೆನ್ನಾಗಿ ಹಿಡಿಯುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಸಹ ಪೈಪೋಟಿ ನಡೆಸುತ್ತವೆ. ಆದ್ದರಿಂದ ಪ್ರಯೋಗಾಲಯದ ಫಲಿತಾಂಶವನ್ನು ಹೊಲದಲ್ಲಿ ಅದೇ ಪ್ರಮಾಣದಲ್ಲಿ ನಿರೀಕ್ಷಿಸಬಾರದು.

ಎಷ್ಟು ನೀರಿಗೆ ಸಾಧ್ಯ?
ಒಂದು ಎಕರೆಗೆ ಒಂದು ಅಂಗುಲ ನೀರು ಹಾಯಿಸಲು ಸುಮಾರು 1 ಲಕ್ಷ ಲೀಟರ್ ಬೇಕು. ಅದನ್ನು 10 ಗಂಟೆಗಳಲ್ಲಿ, ಅರ್ಧ ಗಂಟೆಯ ಸಂಪರ್ಕದೊಡನೆ ಹರಿಸಲು ಸುಮಾರು 5,000 ಲೀಟರ್ ಗಾತ್ರದ ಹಾಸು ಬೇಕಾಗುತ್ತದೆ. ಇದು ರೈತರಿಗೆ ಕೈಗೆಟುಕುವಂತಹುದಲ್ಲ. ದಿನಕ್ಕೆ 2,000 ಲೀಟರ್ ಬಳಸುವ ಸಸಿಮಡಿಗೆ 100 ಲೀಟರ್ ಹಾಸು ಸಾಕು. ಆದುದರಿಂದ ಈ ವಿಧಾನವು ಸದ್ಯ ಸಣ್ಣ ಪ್ರಮಾಣಕ್ಕೆ ಹಾಗೂ ಕಾರ್ಖಾನೆಯ ಹೊರಹರಿವನ್ನು ಮೂಲದಲ್ಲಿಯೇ ಶುದ್ಧೀಕರಿಸಲು ಸೂಕ್ತ.

ರೈತರಿಗೆ ಸಲಹೆಗಳು
1. ಮೊದಲು ನೀರು ಮತ್ತು ಮಣ್ಣನ್ನು ಭಾರಲೋಹಗಳಿಗಾಗಿ ಪ್ರತ್ಯೇಕವಾಗಿ ಪರೀಕ್ಷಿಸಿರಿ. ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಸೀಸ, ಕ್ಯಾಡ್ಮಿಯಂ ತಿಳಿಯುವುದಿಲ್ಲ.
2. ಕೆಸರು ನೀರನ್ನು ತಂಗಿಸಿ, ಮರಳಿನಲ್ಲಿ ಸೋಸಿದ ಬಳಿಕವೇ ಹಾಸಿಗೆ ಬಿಡಿರಿ.
3. ಹೊರಬರುವ ನೀರನ್ನು ಆಗಾಗ ಪರೀಕ್ಷಿಸಿ, ಲೋಹ ಮರುಕಳಿಸಿದೊಡನೆ ಹಾಸನ್ನು ಬದಲಿಸಿರಿ.
4. ಮಲಿನ ನೀರು ಅನಿವಾರ್ಯವಾದಲ್ಲಿ ಸೊಪ್ಪು, ಗೆಡ್ಡೆ ಬೆಳೆಗಳ ಬದಲಿಗೆ ಹೂ ಅಥವಾ ಮರಮಟ್ಟು ಬೆಳೆಯಿರಿ. ಹುಳಿ ಮಣ್ಣಿಗೆ ಸುಣ್ಣ ಹಾಕಿರಿ.

ಎಚ್ಚರಿಕೆ
ಬಳಸಿದ ಪದಾರ್ಥದಲ್ಲಿ ಲೋಹವು ನಾಶವಾಗದೆ ಒಟ್ಟುಗೂಡಿರುತ್ತದೆ. ಅದನ್ನು ತಿಪ್ಪೆಗೆ ಹಾಕಬಾರದು, ಹೊಲದಲ್ಲಿ ಹೂಳಬಾರದು, ಸುಡಲೂಬಾರದು. ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿಸಿ ಅಧಿಕೃತ ವಿಲೇವಾರಿ ಘಟಕಕ್ಕೆ ಒಪ್ಪಿಸಬೇಕು. ಹೀಗೆ ಶೋಧಿಸಿದ ನೀರನ್ನು ಕುಡಿಯಲು ಬಳಸಬಾರದು.