ಮಗು ಬಾಲಮಂದಿರ ಸೇರಿದಾಗ ಹೆತ್ತವರು ದೂರು ಕೊಡಬೇಕಾದದ್ದು ಎಲ್ಲಿ?

ಕುರೆಕುಪ್ಪ (ಸಂಡೂರು ತಾಲ್ಲೂಕು): ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲಿರುವ ಈ ಊರಿನಲ್ಲಿ ಹೊರ ಜಿಲ್ಲೆ, ಹೊರ ರಾಜ್ಯಗಳಿಂದ ದುಡಿಯಲು ಬಂದ ಕುಟುಂಬಗಳು ಬಹಳ. ತಂದೆ ತಾಯಿ ಇಬ್ಬರೂ ಕೆಲಸಕ್ಕೆ ಹೊರಟರೆ ಮಕ್ಕಳನ್ನು ನೋಡಿಕೊಳ್ಳಲು ಮನೆಯಲ್ಲಿ ಹಿರಿಯರಿರುವುದಿಲ್ಲ. ಇಂಥ ಮನೆಯ ಹುಡುಗನೊಬ್ಬ ರೈಲು ನಿಲ್ದಾಣದಲ್ಲೋ ಹೆದ್ದಾರಿ ಬದಿಯ ಡಾಬಾದಲ್ಲೋ ಅಧಿಕಾರಿಗಳ ಕಣ್ಣಿಗೆ ಬಿದ್ದನೆಂದರೆ, ಸಂಜೆ ಮರಳಿದ ತಾಯಿಗೆ ಸಿಗುವುದು ಒಂದೇ ಉತ್ತರ: ‘ನಿಮ್ಮ ಮಗನನ್ನು ಬಳ್ಳಾರಿಗೆ ಕರೆದುಕೊಂಡು ಹೋದರು.’

ಅಲ್ಲಿಂದ ಶುರುವಾಗುವ ಅಲೆದಾಟದಲ್ಲಿ ಹೆತ್ತವರ ಸಿಟ್ಟೆಲ್ಲ ಮಗುವನ್ನು ಕರೆದೊಯ್ದ ಸಮಾಜ ಕಾರ್ಯಕರ್ತರ ಮೇಲೆ ತಿರುಗುವುದು ಸಹಜ. ಆದರೆ ಮಗುವನ್ನು ಎಲ್ಲಿರಿಸಬೇಕು, ಯಾವಾಗ ಮರಳಿಸಬೇಕು ಎಂದು ತೀರ್ಮಾನಿಸುವ ಅಧಿಕಾರ ಅವರಿಗಿಲ್ಲ. 2016ರ ಜನವರಿ 15ರಂದು ಜಾರಿಗೆ ಬಂದ 2015ರ ಬಾಲನ್ಯಾಯ ಕಾಯ್ದೆಯು ಆ ಅಧಿಕಾರವನ್ನು ಜಿಲ್ಲಾ ಮಕ್ಕಳ ಕಲ್ಯಾಣ ಸಮಿತಿಗೆ ನೀಡಿದೆ. ಅಧ್ಯಕ್ಷರು ಹಾಗೂ ನಾಲ್ವರು ಸದಸ್ಯರ ಈ ಪೀಠಕ್ಕೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ಮಗುವನ್ನು ಯಾರೇ ವಶಕ್ಕೆ ಪಡೆದರೂ ಪ್ರಯಾಣದ ಅವಧಿ ಬಿಟ್ಟು 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಲೇಬೇಕು.

ಯಾವ ಜಿಲ್ಲೆ?

2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹೊಸಪೇಟೆ, ಹಂಪಿ ಅತ್ತ ಹೋದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಕುರೆಕುಪ್ಪದಲ್ಲಿ ಸಿಕ್ಕ ಮಗುವಿನ ವಿಚಾರಣೆ ಬಳ್ಳಾರಿ ಸಮಿತಿಯದು. ಅದೇ ಮಗು ಹೊಸಪೇಟೆ ನಿಲ್ದಾಣದಲ್ಲಿ ಸಿಕ್ಕಿದ್ದರೆ ವಿಜಯನಗರ ಜಿಲ್ಲೆಯ ಸಮಿತಿಯ ಬಳಿ ಹೋಗಬೇಕು. ಕುಟುಂಬದ ಮೂಲ ಊರು ಬೇರೆ ಜಿಲ್ಲೆಯಲ್ಲಿದ್ದರೆ, ಅಲ್ಲಿನ ಸಮಿತಿಯೊಡನೆ ಸಮಾಲೋಚಿಸಿ ಮಗುವನ್ನು ಅಲ್ಲಿಗೆ ವರ್ಗಾಯಿಸಲು ಅವಕಾಶವಿದೆ. ತಾವು ಈಗ ವಾಸಿಸುವುದು ಕುರೆಕುಪ್ಪದಲ್ಲಿ ಎಂಬುದಕ್ಕೆ ಬಾಡಿಗೆ ಚೀಟಿ, ಗುತ್ತಿಗೆದಾರರ ಪತ್ರ, ಶಾಲೆ ಅಥವಾ ಅಂಗನವಾಡಿಯ ದಾಖಲೆ ತೋರಿಸದಿದ್ದರೆ, ಆಧಾರ್ ಕಾರ್ಡಿನ ವಿಳಾಸ ನೋಡಿ ಮಗುವನ್ನು ದೂರದ ಊರಿಗೆ ಕಳುಹಿಸುವ ಸಾಧ್ಯತೆಯನ್ನು ತಳ್ಳಿಹಾಕಲಾಗದು.

ವರದಿಯೇ ನಿರ್ಣಾಯಕ

ಸಮಾಜ ಕಾರ್ಯಕರ್ತರ ಪಾತ್ರ ಬರುವುದು ಸಾಮಾಜಿಕ ತನಿಖಾ ವರದಿಯಲ್ಲಿ. ಮನೆಗೆ ಭೇಟಿ ನೀಡಿ, ನೆರೆಹೊರೆಯವರನ್ನು ವಿಚಾರಿಸಿ 15 ದಿನಗಳಲ್ಲಿ ಅವರು ವರದಿ ಕೊಡಬೇಕು. ಅಂತಿಮ ಆದೇಶಕ್ಕೆ ನಾಲ್ಕು ತಿಂಗಳ ಗಡುವಿದೆ. ಆ ಭೇಟಿಯ ಹೊತ್ತಿಗೆ ಮನೆಗೆ ಬೀಗ ಬಿದ್ದಿದ್ದರೆ ವರದಿ ಹೇಗಿದ್ದೀತು ಎಂಬುದನ್ನು ಊಹಿಸಬಹುದು. ಒಂದು ದಿನದ ಕೂಲಿ ಹೋದರೂ ಚಿಂತೆಯಿಲ್ಲ, ಆ ದಿನ ಮನೆಯಲ್ಲಿರುವುದು ಮೇಲು. ವರದಿಯಲ್ಲಿ ತಪ್ಪಿದೆ ಎನಿಸಿದರೆ ಸಮಿತಿಯ ಮುಂದೆ ಲಿಖಿತವಾಗಿ ಆಕ್ಷೇಪಿಸಬಹುದು. ಹೆತ್ತವರ ಅಹವಾಲು ಕೇಳುವುದು ಸಮಿತಿಯ ಕರ್ತವ್ಯ.

ಬಡತನ ಅಪರಾಧವಲ್ಲ. ಸಂಸ್ಥೆಗೆ ಸೇರಿಸುವುದು ಕೊನೆಯ ಉಪಾಯವಾಗಬೇಕೆಂದು ಕಾಯ್ದೆಯೇ ಹೇಳುತ್ತದೆ. ಬಡತನವೊಂದನ್ನೇ ಕಾರಣವಾಗಿಸಿ ಮಗುವನ್ನು ಕುಟುಂಬದಿಂದ ಬೇರ್ಪಡಿಸಬಾರದೆಂಬುದು 2009ರ ವಿಶ್ವಸಂಸ್ಥೆಯ ಮಾರ್ಗಸೂಚಿ. ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಡಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂ. ನೀಡಿ ಮನೆಯಲ್ಲೇ ಉಳಿಸಿಕೊಳ್ಳಲು ಅವಕಾಶವಿದೆ. ಇದನ್ನು ಹೆತ್ತವರೇ ಕೇಳಿಕೊಳ್ಳಬೇಕು.

‘ದತ್ತು’ ಎಂಬ ಭಯ

ಆರು ವರ್ಷದೊಳಗಿನ, ತೊರೆದುಹೋದಂತೆ ಕಾಣುವ ಮಕ್ಕಳನ್ನು ವಿಶೇಷ ದತ್ತು ಸಂಸ್ಥೆಯಲ್ಲಿ ಇರಿಸಲಾಗುತ್ತದೆ. ಈ ಹೆಸರು ಕೇಳಿಯೇ ತಾಯಂದಿರು ಕಂಗಾಲಾಗುತ್ತಾರೆ. ಅಲ್ಲಿರಿಸಿದ ಮಾತ್ರಕ್ಕೆ ದತ್ತು ಕೊಟ್ಟಂತಲ್ಲ. ಮೊದಲು ಹೆತ್ತವರ ಪತ್ತೆಗೆ ಪ್ರಯತ್ನಿಸಬೇಕು. ಅವರು ಸಿಗದಿದ್ದರೆ ಎರಡು ವರ್ಷದೊಳಗಿನ ಮಗುವಿಗೆ ಎರಡು ತಿಂಗಳಲ್ಲಿ, ಅದಕ್ಕಿಂತ ದೊಡ್ಡ ಮಗುವಿಗೆ ನಾಲ್ಕು ತಿಂಗಳಲ್ಲಿ, ಕನಿಷ್ಠ ಮೂವರು ಸದಸ್ಯರ ತೀರ್ಮಾನದಿಂದ ದತ್ತಕಕ್ಕೆ ಮುಕ್ತವೆಂದು ಘೋಷಿಸಲಾಗುತ್ತದೆ. ಹಬ್ಬಕ್ಕೆಂದು ಮೂಲ ಊರಿಗೆ ಹೋಗಿ ವಾರಗಟ್ಟಲೆ ತಡಮಾಡುವ ಕುಟುಂಬಕ್ಕೆ ಈ ಗಡುವು ದೊಡ್ಡದೇನಲ್ಲ.

ದೂರಿನ ದಾರಿ

2011ರಲ್ಲಿ ನಾರ್ವೆಯ ಸ್ಟಾವಂಗರ್‌ನಲ್ಲಿ ಭಾರತೀಯ ದಂಪತಿಯ ಇಬ್ಬರು ಮಕ್ಕಳನ್ನು ಅಲ್ಲಿನ ಅಧಿಕಾರಿಗಳು ವಶಕ್ಕೆ ಪಡೆದಾಗ ಭಾರತ ಸರ್ಕಾರವೇ ಮಧ್ಯಪ್ರವೇಶಿಸಿತ್ತು. 2012ರಲ್ಲಿ ಮಕ್ಕಳು ಚಿಕ್ಕಪ್ಪನ ಕೈಸೇರಿದರು. ಕಲ್ಕತ್ತಾ ಹೈಕೋರ್ಟ್ ಅವರನ್ನು ತಾಯಿಗೆ ಒಪ್ಪಿಸಿದ್ದು 2013ರಲ್ಲಿ. ಕುರೆಕುಪ್ಪದ ಕೂಲಿ ತಾಯಿಯ ಪರ ದೆಹಲಿ ಮಾತಾಡುವುದಿಲ್ಲ, ನಿಜ. ಆಕೆಯ ಕೈಯಲ್ಲಿರುವ ಅಸ್ತ್ರ ಸಮಿತಿಯ ಲಿಖಿತ ಆದೇಶದ ಪ್ರತಿ. ಮೊದಲ ದಿನವೇ ಅದನ್ನು ಕೇಳಿ ಪಡೆಯಬೇಕು. ಆದೇಶದ ವಿರುದ್ಧ 30 ದಿನಗಳೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. ತಡವಾದರೆ ತಕ್ಕ ಕಾರಣ ತೋರಿಸಬೇಕು. ಪ್ರಾಯೋಜಕತ್ವ, ಪೋಷಕತ್ವದ ಆದೇಶಗಳಿಗೆ ಸಂಬಂಧಿಸಿದ ಮೇಲ್ಮನವಿ ಮಾತ್ರ ಜಿಲ್ಲಾಧಿಕಾರಿಗೆ.

ಸಮಿತಿಯ ಕಾರ್ಯವೈಖರಿಯ ಬಗೆಗಿನ ದೂರನ್ನೂ ಜಿಲ್ಲಾಧಿಕಾರಿ ಆಲಿಸಬೇಕು. ಕಾರ್ಯಕರ್ತರ ವರ್ತನೆ ಸರಿಯಿಲ್ಲದಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ, ಬೆಂಗಳೂರಿನಲ್ಲಿರುವ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಬರೆಯಬಹುದು. ಮಗುವಿನ ಮೇಲೆ ಸಂಸ್ಥೆಯೊಳಗೆ ಕ್ರೌರ್ಯ ನಡೆದಿದ್ದರೆ ಪೊಲೀಸರಿಗೆ ದೂರು ಕೊಡಬೇಕು. ತಪ್ಪಿತಸ್ಥ ಸಿಬ್ಬಂದಿಗೆ ಐದು ವರ್ಷದವರೆಗೆ ಕಠಿಣ ಸಜೆ, ಐದು ಲಕ್ಷ ರೂ.ವರೆಗೆ ದಂಡ ಉಂಟು.

ಸಿಟ್ಟಿನಲ್ಲಿ ಮಗುವಿನ ಫೋಟೊ, ಹೆಸರುಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚುವುದು ಬೇಡ. ಗುರುತು ಬಹಿರಂಗಪಡಿಸಿದರೆ ಆರು ತಿಂಗಳವರೆಗೆ ಸಜೆ ಅಥವಾ ಎರಡು ಲಕ್ಷ ರೂ.ವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ವಕೀಲರ ಶುಲ್ಕಕ್ಕೆ ಹೆದರಬೇಕಿಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಲಭ್ಯ. ಸಂಡೂರಿನ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅಥವಾ 15100 ಸಂಖ್ಯೆಯಲ್ಲಿ ವಿಚಾರಿಸಬಹುದು. ಮಗು ಎಲ್ಲಿದೆಯೆಂಬುದೇ ತಿಳಿಯದಿದ್ದರೆ ಮಕ್ಕಳ ಸಹಾಯವಾಣಿ 1098.