ಜಾಗ ತಪ್ಪಿ ನಿಂತ ಬಸಿರು

ನಮ್ಮ ತೊಗರ್ಸಿಗೆ ಬಳ್ಳಿಗಾವಿ ದೂರವೇನಲ್ಲ. ಅಲ್ಲಿನ ಕೋಡಿಯ ಮಠದ 1162ರ ಶಾಸನ ಆ ಮಠವನ್ನು ವಿದ್ಯೆಯ ತಾಣವೆಂದಷ್ಟೇ ಹೇಳುವುದಿಲ್ಲ, ದಿಕ್ಕಿಲ್ಲದ ರೋಗಿಗಳಿಗೆ ಔಷಧ ಸಿಗುತ್ತಿದ್ದ ಜಾಗವೆಂದೂ ಹೇಳುತ್ತದೆ. ಅದೇ ಶತಮಾನದಲ್ಲಿ ಸ್ಪೇನಿನ ತೊಲೆದೊ ನಗರದಲ್ಲಿ ಕ್ರೆಮೋನಾದ ಗೆರಾರ್ಡ್ ಒಂದು ಅರಬಿ ಗ್ರಂಥವನ್ನು ಲ್ಯಾಟಿನ್‌ಗೆ ತಂದ. ಕುರ್ತುಬಾದ ವೈದ್ಯ ಅಬುಲ್ ಕಾಸಿಂ ಅಲ್ ಝಹ್ರಾವಿ 1000ದ ಸುಮಾರಿಗೆ ಮುಗಿಸಿದ ‘ಅತ್ತಸ್ರೀಫ್’ನ ಶಸ್ತ್ರಚಿಕಿತ್ಸೆಯ ಭಾಗ ಅದು.

ಅದರಲ್ಲಿ ಒಬ್ಬ ಹೆಂಗಸಿನ ವಿಷಯ ಬರುತ್ತದೆ. ಬಸಿರಾದಳು, ಮಗು ಒಳಗೇ ಸತ್ತಿತು. ಮತ್ತೆ ಬಸಿರಾದಳು, ಅದೂ ಸತ್ತಿತು. ಬಹುಕಾಲದ ಮೇಲೆ ಹೊಕ್ಕುಳ ಬಳಿ ಬಾವು ಎದ್ದು ಒಡೆದು ಕೀವು ಸೋರಿತು. ಝಹ್ರಾವಿ ಮುಲಾಮು ಹಚ್ಚುತ್ತಿದ್ದಾಗ ಒಂದು ಎಲುಬು ಹೊರಬಂತು, ಕೆಲವು ದಿನ ಬಿಟ್ಟು ಇನ್ನೊಂದು. ಹೊಟ್ಟೆಯಲ್ಲಿ ಎಲುಬೆಲ್ಲಿಯದು ಎಂದು ಬೆರಗಾದ ಅವರು, ಇದು ಸತ್ತ ಕೂಸಿನದೇ ಎಂದು ತರ್ಕಿಸಿ ಉಳಿದವನ್ನೂ ತೆಗೆದರು. ಆಕೆ ಬದುಕಿದಳು. ಗರ್ಭಕೋಶದ ಹೊರಗೆ ನಿಂತ ಬಸಿರಿನ ಮೊದಲ ವಿವರಣೆ ಇದೆಂದು ವೈದ್ಯಚರಿತ್ರೆಕಾರರು ಹೇಳುತ್ತಾರೆ.

ಆದರೆ ಆಕೆಯದು ಅಪರೂಪದ ಅದೃಷ್ಟ. ಇಂಥ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಬಸಿರು ನಿಲ್ಲುವುದು ಅಂಡನಾಳದಲ್ಲಿ. ನಾಳ ಒಡೆದರೆ ಹೊಟ್ಟೆಯೊಳಗೇ ರಕ್ತ ಹರಿದು ಸಾವು. ಅದಕ್ಕೆ ಕುರ್ತುಬಾದಲ್ಲೂ ಮದ್ದಿರಲಿಲ್ಲ, ಬಳ್ಳಿಗಾವಿಯಲ್ಲೂ ಇರಲಿಲ್ಲ. 1881ರಲ್ಲಿ ಬರ್ಮಿಂಗ್‌ಹ್ಯಾಮಿನ ಲಾಸನ್ ಟೇಟ್‌ಗೆ ಇಂಥ ಒಬ್ಬಾಕೆಯ ಹೊಟ್ಟೆ ತೆರೆದು ನಾಳ ತೆಗೆಯಿರೆಂದು ಮತ್ತೊಬ್ಬ ವೈದ್ಯರು ಕೇಳಿದರು. ಟೇಟ್ ಹಿಂಜರಿದರು, ಆಕೆ ಸತ್ತಳು. 1883ರಲ್ಲಿ ಅದೇ ಶಸ್ತ್ರಕ್ರಿಯೆಯಿಂದ ಒಬ್ಬಾಕೆಯನ್ನು ಉಳಿಸಿದರು. ಝಹ್ರಾವಿ ಬರೆದ ಮೇಲೆ ಸುಮಾರು ಒಂಬೈನೂರು ವರ್ಷ!

ಕತ್ತರಿಯಿಲ್ಲದ ದಾರಿ ತೆರೆದದ್ದು 1982ರಲ್ಲಿ. ಕ್ಯಾನ್ಸರಿಗೆ ಕೊಡುವ ಮೆಥೊಟ್ರೆಕ್ಸೇಟ್ ಈ ಬಸಿರಿನ ಬೆಳವಣಿಗೆಯನ್ನೂ ನಿಲ್ಲಿಸುತ್ತದೆಂದು ಜಪಾನಿನ ವೈದ್ಯರು ವರದಿ ಮಾಡಿದರು. ನಾಳ ಒಡೆಯದಿದ್ದರೆ, ಭ್ರೂಣದ ಹೃದಯಬಡಿತ ಕಾಣದಿದ್ದರೆ, ರಕ್ತದಲ್ಲಿ ಬಸಿರಿನ ಹಾರ್ಮೋನು ಕಡಿಮೆಯಿದ್ದರೆ ಈ ಇಂಜೆಕ್ಷನ್. ನಾಲ್ಕನೇ ದಿನ, ಏಳನೇ ದಿನ ರಕ್ತಪರೀಕ್ಷೆ, ಆಮೇಲೆ ಹಾರ್ಮೋನು ಪೂರ್ತಿ ಇಳಿಯುವವರೆಗೆ ವಾರವಾರ. ಹಳ್ಳಿಯ ಕೂಲಿ ಹೆಂಗಸು ಅಷ್ಟು ಸಲ ಬಸ್ಸು ಹತ್ತಿಯಾಳೆ? ಆಗದಿದ್ದರೆ ಲ್ಯಾಪ್ರೊಸ್ಕೋಪಿಯೇ ಲೇಸೆಂದು ವೈದ್ಯರು ಹೇಳುವುದುಂಟು. ಇನ್ನೊಂದು ನಾಳ ಚೆನ್ನಾಗಿದ್ದರೆ ಕೆಟ್ಟದ್ದನ್ನು ತೆಗೆಯುತ್ತಾರೆ. ಅದೂ ಹಾಳಾಗಿದ್ದರೆ ನಾಳವನ್ನು ಸೀಳಿ ಬಸಿರನ್ನಷ್ಟೇ ತೆಗೆಯುವುದುಂಟು. ಆ ಬಸಿರನ್ನು ಗರ್ಭಕೋಶಕ್ಕೆ ತಂದು ನೆಡಲಾಗದೇ ಎಂದು ಮನೆಯವರು ಕೇಳುತ್ತಾರೆ. ಆ ವಿದ್ಯೆ ಇಂದಿಗೂ ಇಲ್ಲ.

ಗರ್ಭಕೋಶದ ಮೂಲೆಯಲ್ಲಿ ನಿಂತದ್ದು ತಡವಾಗಿ ಒಡೆಯುತ್ತದೆ, ರಕ್ತ ಹೆಚ್ಚು ಹೋಗುತ್ತದೆ. ಗರ್ಭಕೋಶದ ಬಾಯಲ್ಲಿ ನಿಂತದ್ದನ್ನು ಸುಮ್ಮನೆ ಕೆರೆದರೆ ರಕ್ತ ನಿಲ್ಲದು, ಹಾಗಾಗಿ ಸಾಮಾನ್ಯವಾಗಿ ಮೊದಲು ಔಷಧ. ಹಳೆಯ ಸಿಸೇರಿಯನ್ ಗಾಯದಲ್ಲಿ ನಿಲ್ಲುವುದು 1978ರಲ್ಲಿ ಮೊದಲು ವರದಿಯಾಯಿತು, ಸಿಸೇರಿಯನ್ ಹೆಚ್ಚಿದಂತೆ ಅದೂ ಹೆಚ್ಚಿದೆ. ಝಹ್ರಾವಿ ಕಂಡಂಥ, ಹೊಟ್ಟೆಯೊಳಗೇ ಬೆಳೆದ ಬಸಿರಿನಲ್ಲಿ ಕೂಸನ್ನು ತೆಗೆದು ಮಾಸನ್ನು ಅಲ್ಲೇ ಬಿಡುವುದುಂಟು, ಕಿತ್ತರೆ ರಕ್ತಸ್ರಾವದ ಭಯ.

ನಾಳ ಒಡೆದ ಮೇಲೆ ಮಾತ್ರ ಇಂಜೆಕ್ಷನ್ನಿನ ಮಾತೇ ಇಲ್ಲ. ತಕ್ಷಣ ಶಸ್ತ್ರಕ್ರಿಯೆ ಬೇಕು, ಕೊಡಲು ರಕ್ತ ಬೇಕು. ತೊಗರ್ಸಿಯ ಮಟ್ಟಿಗೆ ಹಾಗೆಂದರೆ ಶಿಕಾರಿಪುರ ದಾಟಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯವರೆಗಿನ ದಾರಿ. 2008ರ ನವೆಂಬರಿನಲ್ಲಿ ರಾಜ್ಯದಲ್ಲಿ 108 ಆಂಬ್ಯುಲೆನ್ಸ್ ಶುರುವಾದ ಮೇಲೆ ಬಾಡಿಗೆ ಜೀಪು ಹುಡುಕುವುದೊಂದು ಕಡಿಮೆಯಾಯಿತು. ಆದರೆ ಮುಟ್ಟು ತಪ್ಪಿದ ಹೆಂಗಸಿಗೆ ಕಿಬ್ಬೊಟ್ಟೆಯ ಒಂದು ಪಕ್ಕ ನೋವು, ಭುಜದ ತುದಿಯಲ್ಲಿ ನೋವು, ಕಣ್ಣಿಗೆ ಕತ್ತಲೆ ಬಂದಾಗ ನಮ್ಮ ಮನೆಗಳಲ್ಲಿ ಈಗಲೂ ಮೊದಲು ಕೊಡುವುದು ಓಮದ ಕಷಾಯ.