ಮೌಲಾ ಅಲಿಯಿಂದ ಫಿಲ್ಮ್‌ನಗರದವರೆಗೆ: ಕುಣಿಯುವ ಹೆಣ್ಣು ಮತ್ತು ಕರಾರಿನ ಚರಿತ್ರೆ

ಹೈದರಾಬಾದಿನ ಮಲ್ಕಾಜ್‌ಗಿರಿಗೆ ಸೇರಿದ ಮೌಲಾ ಅಲಿ ಗುಡ್ಡದ ಬುಡದಲ್ಲಿ ಒಂದು ಗೋರಿತೋಟವಿದೆ. 1792ರಲ್ಲಿ ಮಗಳೊಬ್ಬಳು ತಾಯಿಗಾಗಿ ಕಟ್ಟಿಸಿದ್ದು ಅದು. 1824ರಲ್ಲಿ ಮಗಳನ್ನೂ ಅಲ್ಲಿಯೇ ಮಣ್ಣು ಮಾಡಿದರು. ಆಕೆ ಮಹ್ ಲಕಾ ಬಾಯಿ ಚಂದಾ (1768–1824), ನಿಜಾಮರ ಆಸ್ಥಾನದ ತವಾಯಫ್ (ನರ್ತಕಿ-ಗಾಯಕಿ), ಉರ್ದು ಕವಯಿತ್ರಿ. ಹಾಳು ಬಿದ್ದಿದ್ದ ಈ ಆವರಣವನ್ನು ಅಮೆರಿಕ ಸರ್ಕಾರದ ನೆರವಿನಲ್ಲಿ, ವಿದ್ವಾಂಸ ಸ್ಕಾಟ್ ಕೂಗಲ್ ಅವರ ಮುತುವರ್ಜಿಯಿಂದ, 2011ರ ಹೊತ್ತಿಗೆ ಜೀರ್ಣೋದ್ಧಾರ ಮಾಡಲಾಯಿತು.

ಜನಪ್ರಿಯ ಸಂಸ್ಕೃತಿಯಲ್ಲಿ ಹೆಣ್ಣಿನ ಮೇಲಿರುವ ಮೈಪ್ರದರ್ಶನದ ಒತ್ತಡದ ಚರಿತ್ರೆಯನ್ನು ಸಾಮಾನ್ಯವಾಗಿ ಸಿನಿಮಾದಿಂದ ಶುರು ಮಾಡುತ್ತಾರೆ. ಅದನ್ನು ಈ ಗೋರಿಯಿಂದ ಶುರು ಮಾಡಿದರೆ ಪ್ರಶ್ನೆಯೇ ಬದಲಾಗುತ್ತದೆ. ಬಟ್ಟೆ ಎಷ್ಟಿತ್ತು, ಹೆಜ್ಜೆ ಹೇಗಿತ್ತು ಎಂಬುದಕ್ಕಿಂತ ಕುಣಿತದ ಷರತ್ತುಗಳನ್ನು ಬರೆದವರು ಯಾರು, ಹಣ ಯಾರ ಕೈ ಸೇರಿತು, ಹೆಸರು ಯಾರದಾಗಿ ಉಳಿಯಿತು ಎಂಬುದು ಮುಖ್ಯವಾಗುತ್ತದೆ.

1799ರ ಅಕ್ಟೋಬರ್ 1ರಂದು ಮೀರ್ ಆಲಂನ ಮನೆಯಲ್ಲಿ ನಾಚ್ ನಡೆದಿತ್ತು. ಅದೇ ವರ್ಷ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಿತ್ತು. ಆ ಯುದ್ಧದಲ್ಲಿ ನಿಜಾಮನ ಪಡೆಯ ಮುಂದಾಳಾಗಿದ್ದವನು ಇದೇ ಮೀರ್ ಆಲಂ. ಅವನ ಜೊತೆಗಿದ್ದ ಬ್ರಿಟಿಷ್ ಕ್ಯಾಪ್ಟನ್ ಜಾನ್ ಮಾಲ್ಕಮ್ ಅಂದಿನ ಅತಿಥಿ. ಅಂದರೆ ನಮ್ಮ ಟಿಪ್ಪುವಿನ ಸೋಲಿನ ಲಾಭ ಉಂಡವರ ಸಭೆ. ಮುಖ್ಯ ನರ್ತಕಿಯಾಗಿದ್ದ ಚಂದಾ ಕುಣಿತದ ನಡುವೆಯೇ ಬಂದು ಮಾಲ್ಕಮ್‌ನ ಕೈಗಿತ್ತದ್ದು ತನ್ನ ಕವಿತೆಗಳ ಹಸ್ತಪ್ರತಿಯನ್ನು. ಅದು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ತನ್ನನ್ನು ನೋಡಲು ಬಂದವನ ಕೈಗೆ ಓದಲು ಪುಸ್ತಕ ಕೊಟ್ಟ ಹೆಣ್ಣು ಈಕೆ. ಉರ್ದುವಿನಲ್ಲಿ ಪೂರ್ಣ ದಿವಾನ್ (ಕವಿತಾ ಸಂಕಲನ) ರಚಿಸಿದ ಮೊದಲ ಮಹಿಳೆ ಎಂಬ ಹೆಸರು ಬಹುಕಾಲ ಚಂದಾಗೇ ಇತ್ತು. ಲುತ್ಫುನ್ನೀಸಾ ಇಮ್ತಿಯಾಜ್‌ಳ ದಿವಾನ್ ಒಂದು ವರ್ಷ ಹಿಂದಿನದೆಂದು ಆಮೇಲೆ ಗೊತ್ತಾಯಿತು. ಇಬ್ಬರೂ ದಖ್ಖನ್ನಿನವರೇ.

ಚಂದಾಗೆ ಜಹಗೀರುಗಳಿದ್ದವು; ಅದಿಕ್‌ಮೆಟ್ ಅವುಗಳಲ್ಲೊಂದು. ಆಸ್ಥಾನದಲ್ಲಿ ಅಮೀರರ ಸಾಲಿನ ಸ್ಥಾನವಿತ್ತು. ಅವಳು ಮದುವೆಯಾಗಲಿಲ್ಲ. ಆದರೆ ಇದನ್ನು ಸ್ವಾತಂತ್ರ್ಯದ ಸುವರ್ಣಯುಗ ಎನ್ನಲು ನನಗೆ ಮನಸ್ಸಿಲ್ಲ. ಜಹಗೀರು ಕೊಟ್ಟ ಕೈಗೆ ಅದನ್ನು ಕಿತ್ತುಕೊಳ್ಳುವ ಅಧಿಕಾರವೂ ಇತ್ತು. ಈ ಎತ್ತರಕ್ಕೇರಿದ್ದು ಅವಳೊಬ್ಬಳು; ಹೆಸರಿಲ್ಲದೆ ಕುಣಿದವರು ಎಷ್ಟೋ ಮಂದಿ. ಅವಳ ಬದುಕು ತೋರಿಸುವುದು ಇಷ್ಟೇ: ಶೃಂಗಾರವನ್ನು ವೃತ್ತಿಯಾಗಿ ಪ್ರದರ್ಶಿಸುವ ಹೆಣ್ಣಿಗೆ ಆಸ್ತಿ, ವಿದ್ಯೆ, ಅಂಕಿತ ಮೂರೂ ಇರಲು ಸಾಧ್ಯವಿತ್ತು.

ಆ ಸಾಧ್ಯತೆಯನ್ನು ಮುಚ್ಚಿದ್ದರಲ್ಲಿ ಸುಧಾರಕರ ಕೈವಾಡವೂ ಇದೆ. 1890ರ ದಶಕದಲ್ಲಿ ಮದ್ರಾಸಿನಲ್ಲಿ ನಾಚ್ ವಿರೋಧಿ ಚಳವಳಿ ಎದ್ದಿತು. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ನಂಜನಗೂಡು ದೇವಾಲಯದ ನರ್ತಕಿಯರು ತಮ್ಮ ಹಕ್ಕಿಗಾಗಿ ಸಲ್ಲಿಸಿದ ಮನವಿ ಫಲಿಸಲಿಲ್ಲ. ಅದೇ ನಂಜನಗೂಡಿನಲ್ಲಿ 1878ರಲ್ಲಿ ದೇವದಾಸಿ ಪುಟ್ಟಲಕ್ಷ್ಮಮ್ಮನ ಮಗಳಾಗಿ ಹುಟ್ಟಿದವರು ಬೆಂಗಳೂರು ನಾಗರತ್ನಮ್ಮ. ಮದ್ರಾಸಿನಲ್ಲಿ ಗಾಯಕಿಯಾಗಿ ಹೆಸರು ಮಾಡಿದ ಅವರು, ತಂಜಾವೂರು ಆಸ್ಥಾನದ ಗಣಿಕೆ ಮುದ್ದುಪಳನಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’ವನ್ನು ಹಸ್ತಪ್ರತಿ ಹುಡುಕಿ, ಹಿಂದಿನ ಮುದ್ರಣದಲ್ಲಿ ಕತ್ತರಿಸಿದ್ದ ಪದ್ಯಗಳನ್ನೂ ಸೇರಿಸಿ 1910ರಲ್ಲಿ ಅಚ್ಚು ಹಾಕಿಸಿದರು. ಕೂಡುವ ಸುಖಕ್ಕೆ ಹೆಣ್ಣೇ ಮುಂದಾಗುವ ಕಾವ್ಯ ಅದು. ಮಹಾ ಸುಧಾರಕ ಕಂದುಕೂರಿ ವೀರೇಶಲಿಂಗಂ ಹೆಂಗಸಿನ ಬಾಯಲ್ಲಿ ಇಂಥ ಮಾತು ಸಲ್ಲದೆಂದು ಹಿಂದೆಯೇ ಜರೆದಿದ್ದರು. ನಾಗರತ್ನಮ್ಮ ಮುನ್ನುಡಿಯಲ್ಲಿಯೇ ತಿರುಗಿ ಕೇಳಿದರು: ನಾಚಿಕೆ ಹೆಂಗಸರಿಗೆ ಮಾತ್ರವೇ? ಇದಕ್ಕಿಂತ ಹಸಿಯಾಗಿ ಬರೆದ ಗಂಡಸರ ಕಾವ್ಯಗಳನ್ನು ಪಂಡಿತರು ಒಪ್ಪಿಲ್ಲವೇ? ಸರ್ಕಾರ 1911ರಲ್ಲಿ ಪ್ರತಿಗಳನ್ನು ಜಪ್ತಿ ಮಾಡಿತು.

ನಿಷೇಧ ತೆರವಾದದ್ದು 1947ರಲ್ಲಿ, ಟಂಗುಟೂರಿ ಪ್ರಕಾಶಂ ಅವರಿಂದ. ಮದ್ರಾಸ್ ದೇವದಾಸಿ ಕಾಯ್ದೆ ಬಂದದ್ದೂ ಅದೇ ವರ್ಷ. ಗಣಿಕೆಯ ಕಾವ್ಯಕ್ಕೆ ಬಿಡುಗಡೆ, ಗಣಿಕೆಯ ವೃತ್ತಿಗೆ ನಿಷೇಧ. ಕಾಯ್ದೆ ಬೇಡವಾಗಿತ್ತು ಎಂದು ನಾನು ವಾದಿಸುತ್ತಿಲ್ಲ. ಎಳೆಯ ಹುಡುಗಿಯರಿಗೆ ಮುತ್ತು ಕಟ್ಟುವ ಕ್ರೌರ್ಯದ ವಿರುದ್ಧ ಕರ್ನಾಟಕ 1982ರಲ್ಲೂ ಕಾನೂನು ತರಬೇಕಾಯಿತು. ವೃತ್ತಿ ಹೋದಾಗ ಆ ಹೆಣ್ಣುಮಕ್ಕಳ ಪಾಲಿಗೆ ಏನು ಉಳಿಯಿತು ಎಂದು ಕೇಳುತ್ತಿದ್ದೇನೆ. ‘ರಾಧಿಕಾ ಸಾಂತ್ವನಮು’ ಪ್ರಕರಣವನ್ನು ಮತ್ತೆ ಚರ್ಚೆಗೆ ತಂದವರು ಹೈದರಾಬಾದಿನ ಸ್ತ್ರೀವಾದಿಗಳಾದ ಸೂಸಿ ತಾರು ಮತ್ತು ಕೆ. ಲಲಿತಾ, 1991ರಲ್ಲಿ ಮೊದಲ ಸಂಪುಟ ಬಂದ ಭಾರತೀಯ ಲೇಖಕಿಯರ ಸಂಕಲನದ ಪ್ರಸ್ತಾವನೆಯಲ್ಲಿ.

ಕುಣಿತವಂತೂ ನಿಲ್ಲಲಿಲ್ಲ, ಸಿನಿಮಾಕ್ಕೆ ವಲಸೆ ಹೋಯಿತು. ಅಲ್ಲಿ ಕುಣಿದವರು ಜ್ಯೋತಿಲಕ್ಷ್ಮಿ, ಜಯಮಾಲಿನಿ, ಆಮೇಲೆ ಸಿಲ್ಕ್ ಸ್ಮಿತಾ. ಏಲೂರಿನ ಹತ್ತಿರದ ಹಳ್ಳಿಯ ವಿಜಯಲಕ್ಷ್ಮಿಗೆ ‘ಸಿಲ್ಕ್’ ಎಂಬ ಹೆಸರು ಅಂಟಿದ್ದು 1980ರ ತಮಿಳು ಚಿತ್ರದ ಒಂದು ಪಾತ್ರದಿಂದ. ಚಂದಾ ತನ್ನ ಹೆಸರನ್ನು ಗಜಲಿನೊಳಗೆ ತಾನೇ ನೇಯ್ದಳು. ಸ್ಮಿತಾಳ ಹೆಸರನ್ನು ಮಾರುಕಟ್ಟೆ ಇಟ್ಟಿತು. ಕನ್ನಡಿಗರು ಆಕೆಯನ್ನು ‘ಹಳ್ಳಿ ಮೇಷ್ಟ್ರು’ (1992) ಚಿತ್ರದಲ್ಲಿ ನೋಡಿದ್ದಾರೆ. 1996ರ ಸೆಪ್ಟೆಂಬರ್ 23ರಂದು ಮದ್ರಾಸಿನಲ್ಲಿ ತೀರಿಕೊಂಡಾಗ ಆಕೆಗೆ 35 ವರ್ಷ.

ಸರಿಯಾಗಿ ಎರಡು ತಿಂಗಳಿಗೆ, ನವೆಂಬರ್ 23ಕ್ಕೆ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮಿಸ್ ವರ್ಲ್ಡ್ ಸ್ಪರ್ಧೆ. ಹೆಣ್ಣನ್ನು ಸರಕಾಗಿಸಬೇಡಿ ಎಂದ ಎಡಪಂಥೀಯ ಮಹಿಳಾ ಸಂಘಟನೆಗಳೂ ನಮ್ಮ ಸಂಸ್ಕೃತಿ ಕೆಡುತ್ತದೆ ಎಂದ ಹಿಂದುತ್ವವಾದಿಗಳೂ ಬೀದಿಗಿಳಿದರು. ಪತ್ರಿಕೆಗಳು ಇಬ್ಬರನ್ನೂ ಒಂದೇ ಗುಂಪಾಗಿ ಕಂಡವು; ಸ್ತ್ರೀವಾದಿ ಆಕ್ಷೇಪ ಸಂಪ್ರದಾಯದ ಗದ್ದಲದಲ್ಲಿ ಮುಳುಗಿತು. ಈಜುಡುಗೆ ಸುತ್ತನ್ನು ಸೀಷೆಲ್ಸ್‌ಗೆ ಸಾಗಿಸಿ ಸಂಘಟಕರು ಕೈ ತೊಳೆದುಕೊಂಡರು. 2025ರ ಮೇ ತಿಂಗಳಲ್ಲಿ ಅದೇ ಸ್ಪರ್ಧೆ ಹೈದರಾಬಾದಿಗೆ ಬಂತು, ಈ ಬಾರಿ ತೆಲಂಗಾಣ ಸರ್ಕಾರದ ಆತಿಥ್ಯದಲ್ಲಿ. ಆಗಿನ ಮುಖ್ಯಮಂತ್ರಿ ರೇವಂತ್ ರೆಡ್ಡಿ ಹಿಂದೆ, ಚಂದಾಳ ಗೋರಿಯಿರುವ ಅದೇ ಮಲ್ಕಾಜ್‌ಗಿರಿಯ ಸಂಸದರಾಗಿದ್ದವರು. ರಾಮಪ್ಪ ದೇಗುಲದಲ್ಲಿ ಸ್ಥಳೀಯ ಹೆಂಗಸರಿಂದ ಸ್ಪರ್ಧಿಗಳ ಕಾಲಿಗೆ ನೀರು ಹಾಕಿಸಿದ್ದು ಟೀಕೆಗೆ ಗುರಿಯಾಯಿತು. ಮಿಸ್ ಇಂಗ್ಲೆಂಡ್ ಮಿಲ್ಲಾ ಮ್ಯಾಗಿ ಅರ್ಧಕ್ಕೇ ಹೊರಟುಹೋದರು. ಪ್ರಾಯೋಜಕರನ್ನು ರಂಜಿಸಲು ತಮ್ಮನ್ನು ಕೂರಿಸಲಾಯಿತು ಎಂದು ದೂರಿದರು. ಸಂಘಟಕರು ಅದನ್ನು ಅಲ್ಲಗಳೆದರು.

ಅದೇ ವರ್ಷ ಮಾರ್ಚಿನಲ್ಲಿ ತೆಲಂಗಾಣ ಮಹಿಳಾ ಆಯೋಗ ಸಿನಿಮಾ ಹಾಡುಗಳ ಅಶ್ಲೀಲ ಹೆಜ್ಜೆಗಳ ಬಗ್ಗೆ ಚಿತ್ರರಂಗಕ್ಕೆ ಎಚ್ಚರಿಕೆ ಕೊಟ್ಟಿತ್ತು. ಒಂದೇ ರಾಜ್ಯದಲ್ಲಿ ಹೆಜ್ಜೆಗೆ ಗದರಿಕೆ, ಸ್ಪರ್ಧೆಗೆ ಕೆಂಪು ಹಾಸು. ಎರಡರಲ್ಲೂ ದುಡಿಯುವ ಹೆಣ್ಣಿನ ಷರತ್ತುಗಳ ಮಾತಿಲ್ಲ. ಆ ಮಾತು ಎದ್ದದ್ದು 2018ರ ಏಪ್ರಿಲ್‌ನಲ್ಲಿ, ತೆಲುಗು ನಟಿ ಶ್ರೀರೆಡ್ಡಿ ಹೈದರಾಬಾದಿನ ಫಿಲ್ಮ್‌ನಗರದ ಚಲನಚಿತ್ರ ವಾಣಿಜ್ಯ ಮಂಡಳಿಯೆದುರು ಅರೆನಗ್ನಳಾಗಿ ಕುಳಿತಾಗ. ಅವಕಾಶಕ್ಕಾಗಿ ಮೈ ಕೇಳುತ್ತಾರೆ ಎಂಬುದು ಆಕೆಯ ಆರೋಪ. ಕಲಾವಿದರ ಸಂಘ ಮೊದಲು ಆಕೆಯನ್ನು ಬಹಿಷ್ಕರಿಸಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಮಧ್ಯೆ ಬಂದು ನೋಟಿಸ್ ಕೊಟ್ಟಿತು, ಬಹಿಷ್ಕಾರವೂ ತೆರವಾಯಿತು. 2019ರಲ್ಲಿ ತೆಲಂಗಾಣ ಸರ್ಕಾರ ಚಿತ್ರರಂಗದಲ್ಲಿನ ಲೈಂಗಿಕ ಕಿರುಕುಳದ ಬಗ್ಗೆ ಸಮಿತಿ ರಚಿಸಿತು, 2022ರಲ್ಲಿ ವರದಿ ಸಲ್ಲಿಕೆಯಾಯಿತು. ಮಲಯಾಳಂ ಚಿತ್ರರಂಗದ ಹೆಣ್ಣುಮಕ್ಕಳ ಸ್ಥಿತಿಗತಿ ಕುರಿತ ಕೇರಳದ ಹೇಮಾ ಸಮಿತಿ ವರದಿ ಹೊರಬಂದ ಮೇಲೆ, 2024ರ ಆಗಸ್ಟ್‌ನಲ್ಲಿ, ತೆಲಂಗಾಣದ ವರದಿಯನ್ನೂ ಪ್ರಕಟಿಸಿ ಎಂದು ನಟಿ ಸಮಂತಾ ಬಹಿರಂಗವಾಗಿ ಕೇಳಬೇಕಾಯಿತು. ಮರು ತಿಂಗಳು ಕನ್ನಡ ಚಿತ್ರರಂಗದ ‘ಫೈರ್’ ಸಂಘಟನೆ ಅಂಥದ್ದೇ ಸಮಿತಿ ಬೇಕೆಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರಿಗೆ ಮನವಿ ಕೊಟ್ಟಿತು. ಹಾಡುಗಳಿಗೆ ಕತ್ತರಿ ಹಾಕುವ ಮೊದಲು ಸರ್ಕಾರಗಳು ಮಾಡಬೇಕಾದದ್ದು ಇದು: ಇರುವ ವರದಿಯನ್ನು ಓದಲು ಕೊಡಬೇಕು, ಇಲ್ಲದ ಕಡೆ ಬರೆಸಬೇಕು.